ಸೈಯದ್ ಅಬ್ದುಲ್ ರಹೀಂ

ಸೈಯದ್ ಅಬ್ದುಲ್ ರಹೀಂ (17 ಆಗಸ್ಟ್ 1909 – 11 ಜೂನ್ 1963) ಭಾರತದ ರಾಷ್ಟ್ರೀಯ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದವರು. ಆಟಗಾರರ ನಡುವೆ ಅವರು ರಹೀಂ ಸಾಹೇಬ್ ಎಂದೇ ಪರಿಚಿತರು. ವೃತ್ತಿಯಿಂದ ಶಾಲಾ ಅಧ್ಯಾಪಕರಾಗಿದ್ದ ಅವರು 1950ರಿಂದ ಸಾಯುವವರೆಗೆ ರಾಷ್ಟ್ರೀಯ ತಂಡದೊಂದಿಗೆ ಸಂಬಂಧ ಇಟ್ಟುಕೊಂಡಿದ್ದರು. ಅವರ ತರಬೇತಿಯಲ್ಲಿ ಭಾರತವು 1951ರ ದೆಹಲಿ ಹಾಗೂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ದೊರೆತ ಅತ್ಯುತ್ತಮ ಸ್ಥಾನ ಇಂದಿಗೂ ಅದೇ. ಭಾರತೀಯ ಫುಟ್‌ಬಾಲಿನ ಸುವರ್ಣಯುಗವೆಂದು ಕರೆಯುವ ಅವಧಿಯು ಹೆಚ್ಚು ಕಡಿಮೆ ಅವರ ಕಾರ್ಯಾವಧಿಯೇ ಆಗಿದೆ.

ಹಿನ್ನೆಲೆ

ರಹೀಂ ಹುಟ್ಟಿದ್ದು ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜಧಾನಿ. ಇಂದಿನ ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಕಲಾ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗ ವಿಶ್ವವಿದ್ಯಾಲಯದ ತಂಡಕ್ಕೂ, ಅನಂತರ ಸ್ಥಳೀಯವಾಗಿ ಹೆಸರು ಮಾಡಿದ್ದ ಕಮರ್ ಕ್ಲಬ್‌ಗೂ ಆಡಿದರು. ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ ಮತ್ತು ಚಾದರಘಾಟ್ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿದರು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಗಳ ಆಟೋಟದ ಹೊಣೆಯನ್ನೂ ವಹಿಸಿಕೊಂಡರು.

ಆಟಗಾರರಾಗಿ ಅವರದು ಅಖಿಲ ಭಾರತ ಮಟ್ಟದ ಹೆಸರಲ್ಲ. ಹೆಸರಾಂತ ಆಟಗಾರರೇ ನಿವೃತ್ತಿಯ ಬಳಿಕ ತರಬೇತುದಾರರಾಗುವುದು ರೂಢಿ. ರಹೀಂ ಬಂದದ್ದು ತರಗತಿಯ ಕೋಣೆಯಿಂದ. ಒಂದು ಪಾಠವನ್ನು ಬಿಡಿಸಿ, ಹಂತಹಂತವಾಗಿ, ಕಲಿಯುವವನ ಶಕ್ತಿಗೆ ತಕ್ಕಂತೆ ಹೇಳುವ ಅಧ್ಯಾಪಕನ ಅಭ್ಯಾಸವು ಅವರ ತರಬೇತಿ ಕ್ರಮದಲ್ಲಿ ಎದ್ದು ಕಾಣುತ್ತದೆ.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆ ಹುದ್ದೆಯಲ್ಲಿ ಕೊನೆಯವರೆಗೂ ಇದ್ದರು. ಅದೇ ಕಾಲಕ್ಕೆ ಹೈದರಾಬಾದ್ ನಗರ ಪೊಲೀಸ್ ತಂಡವು ದಕ್ಷಿಣದಲ್ಲಿ ತಲೆಯೆತ್ತುತ್ತಿತ್ತು. 1943ರಲ್ಲಿ ಬೆಂಗಳೂರಿನಲ್ಲಿ ನಡೆದ ಆಶ್ ಚಿನ್ನದ ಬಟ್ಟಲಿನ ಅಂತಿಮ ಪಂದ್ಯದಲ್ಲಿ ಆ ತಂಡವು ಬ್ರಿಟಿಷ್ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿತು. ಸೋತ ತಂಡದಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಆಡಿದ್ದರು. ಕಾಂಪ್ಟನ್ ಆರ್ಸೆನಲ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರರೂ ಹೌದು.

ಬೆಂಗಳೂರು ಆಗಲೇ ಫುಟ್‌ಬಾಲ್ ನಗರವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ತಂಡವು 1946ರಲ್ಲಿ ಸಂತೋಷ್ ಟ್ರೋಫಿ ಪಡೆದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತಾಗ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿಗೆ ಸಂಬಂಧಪಟ್ಟವರು. ಹೀಗೆ ದಕ್ಷಿಣದಲ್ಲಿ ಪ್ರತಿಭೆ ಹೇರಳವಾಗಿತ್ತು. ಕೊರತೆಯಿದ್ದದ್ದು ಕ್ರಮಬದ್ಧ ಶಿಕ್ಷಣಕ್ಕೆ.

ಹೈದರಾಬಾದ್ ನಗರ ಪೊಲೀಸ್ ತಂಡ

ಈ ತಂಡವು ರಹೀಂ ಅವರ ಪ್ರಯೋಗಶಾಲೆ. 1950ರಿಂದ 1954ರವರೆಗೆ ಸತತ ಐದು ವರ್ಷ ಅದು ರೋವರ್ಸ್ ಕಪ್ ಗೆದ್ದಿತು. 1950ರ ಡ್ಯುರಾಂಡ್ ಕಪ್ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವನ್ನು ಮಣಿಸಿತು. ಭಾರತದ ಫುಟ್‌ಬಾಲ್ ಎಂದರೆ ಕಲ್ಕತ್ತೆಯೆಂದೇ ಜನ ಭಾವಿಸಿದ್ದ ಕಾಲವದು. ಸಂತೋಷ್ ಟ್ರೋಫಿಯಲ್ಲಿ ಹೈದರಾಬಾದ್ ರಾಜ್ಯ ತಂಡವು 1956 ಮತ್ತು 1957ರಲ್ಲಿ ಗೆದ್ದದ್ದೂ ಇದೇ ಬೆಳೆಯ ಫಲ.

ರಹೀಂ ಅನುಸರಿಸಿದ ಅಭ್ಯಾಸ ಕ್ರಮಗಳು ಸರಳ, ಆದರೆ ಆ ಕಾಲಕ್ಕೆ ಹೊಸವು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಒಬ್ಬಿಬ್ಬರನ್ನು ದಾಟಿ ಚಪ್ಪಾಳೆ ಗಿಟ್ಟಿಸುವುದೇ ಆಟವೆಂದು ನಮ್ಮ ಆಟಗಾರರು ತಿಳಿದಿದ್ದರು. ಇದನ್ನು ಬಿಡಿಸಲು ಅವರು ಡ್ರಿಬ್ಲಿಂಗ್ ಮಾಡಲೇಬಾರದೆಂಬ ನಿಯಮದ ಪಂದ್ಯಾವಳಿಗಳನ್ನು ನಡೆಸಿದರು. ಚೆಂಡು ಬಂದ ಕೂಡಲೇ ಸಂಗಡಿಗನಿಗೆ ದಾಟಿಸಬೇಕು. ಹೀಗಾದಾಗ ಚೆಂಡಿಲ್ಲದ ಆಟಗಾರನೂ ಖಾಲಿ ಜಾಗ ಹುಡುಕಿ ಓಡುವುದನ್ನು ಕಲಿಯುತ್ತಾನೆ. ದುರ್ಬಲವಾದ ಕಾಲಿನಿಂದ ಮಾತ್ರ ಒದೆಯಬೇಕೆಂಬ ನಿಯಮದ ಪಂದ್ಯಾವಳಿಗಳೂ ಇದ್ದವು: ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಕುಳ್ಳಗಿನ ಹುಡುಗರಿಗೆಂದೇ ಬೇರೆ ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು. ಎತ್ತರದ ಮೈಕಟ್ಟು ನೋಡಿ ಆರಿಸುವ ಪದ್ಧತಿಯಲ್ಲಿ ಹಿಂದೆ ಬೀಳುವ ಹುಡುಗರಿಗೆ ಇದರಿಂದ ಅವಕಾಶ ಸಿಕ್ಕಿತು.

ತುಳಸೀದಾಸ್ ಬಲರಾಂ ಅವರ ಕಥೆ ಈ ಹುಡುಕಾಟಕ್ಕೆ ಒಳ್ಳೆಯ ಉದಾಹರಣೆ. ಸಿಕಂದರಾಬಾದಿನ ಬಳಿಯ ಅಮ್ಮುಗುಡದ ಬಡ ತಮಿಳು ಕುಟುಂಬದ ಹುಡುಗ. ಪೊಲೀಸರ ಹಳೆಯ ಬೂಟಿನ ಚರ್ಮದಲ್ಲಿ ಮಾಡಿಸಿಕೊಂಡ ಬೂಟು ಅವನ ಮೊದಲ ಆಟದ ಬೂಟು. ಅವನ ಆಟವನ್ನು ಕಂಡ ರಹೀಂ ಆಯ್ಕೆಗೆ ಬರಹೇಳಿದಾಗ ಹೈದರಾಬಾದಿನವರೆಗೆ ಬರಲು ಕೈಯಲ್ಲಿ ಹಣವಿಲ್ಲವೆಂದು ಹುಡುಗ ಹಿಂಜರಿದ. ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಂ ಅವರೇ ಕೊಟ್ಟರು. ಈ ಹುಡುಗ ಮುಂದೆ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಆಡಿ, 1962ರಲ್ಲಿ ಏಷ್ಯಾದ ಚಿನ್ನ ಗೆದ್ದ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬನಾದ.

ದೆಹಲಿ ಮತ್ತು ಹೆಲ್ಸಿಂಕಿ

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕತ್ವದ ಭಾರತ ತಂಡವು ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನ ತಂಡಗಳನ್ನು ತಲಾ 3–0ರಿಂದಲೂ, ಅಂತಿಮ ಪಂದ್ಯದಲ್ಲಿ ಇರಾನನ್ನು 1–0ರಿಂದಲೂ ಸೋಲಿಸಿತು. ಗೆಲುವಿನ ಗೋಲು ಸಾಹು ಮೇವಾಲಾಲರದು.

ಮರುವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ತಂಡವು ಭಾರತವನ್ನು 10–1ರಿಂದ ಸೋಲಿಸಿತು. ಭಾರತದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಹಲವು ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಬರಿಗಾಲಿನ ಆಟಕ್ಕೆ ನಮ್ಮ ಒಣ, ಗಟ್ಟಿ ಮೈದಾನಗಳಲ್ಲಿ ಅರ್ಥವಿದೆ. ಚೆಂಡಿನ ಮೇಲೆ ಹಿಡಿತ ಸಿಗುತ್ತದೆ. ಆದರೆ ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆಯ ಶಾಲಾ ಮೈದಾನದಲ್ಲಿ ಬರಿಗಾಲಲ್ಲಿ ಚೆಂಡಾಡಿದ ಯಾರಿಗೂ ಒದ್ದೆ ಹುಲ್ಲಿನ ಮೇಲೆ ಕಾಲು ಎಲ್ಲಿ ಜಾರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಯುರೋಪಿನ ತಂಪು ಹವೆಯಲ್ಲಿ, ಮೊಳೆಬೂಟು ತೊಟ್ಟ ಎದುರಾಳಿಗಳ ನಡುವೆ, ಅದು ಸಲ್ಲದ ಆಟವಾಯಿತು. ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು.

ರಹೀಂ ಸೋಲನ್ನು ಬೂಟಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಲಿಲ್ಲ. ಭಾರತ ಆಗ ಆಡುತ್ತಿದ್ದುದು ಹಳೆಯ ಬ್ರಿಟಿಷ್ ವ್ಯೂಹ: ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಎದುರಾಳಿಗಳು ವೇಗವಾಗಿ ನುಗ್ಗಿದರೆ ಗೋಲ್‌ಕೀಪರನ ಮುಂದೆ ಇಬ್ಬರೇ ಉಳಿಯುತ್ತಿದ್ದರು. ಇತ್ತ ಯುರೋಪಿನಲ್ಲಿ ಹಂಗೇರಿ ತಂಡವು ಹೊಸ ಆಟ ಆಡುತ್ತಿತ್ತು. ಮುಂಪಡೆಯ ನಡುವಿನ ಆಟಗಾರನಾದ ಹಿಡೆಗ್‌ಕುಟಿ ಎದುರಾಳಿಯ ಗೋಲಿನ ಬಳಿ ನಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದ. ಅವನನ್ನು ಕಾಯಬೇಕಾದ ರಕ್ಷಕ ಅವನ ಬೆನ್ನು ಹತ್ತಿದರೆ ಹಿಂದೆ ಖಾಲಿ ಜಾಗ, ಹತ್ತದಿದ್ದರೆ ಅವನಿಗೆ ಸ್ವಾತಂತ್ರ್ಯ. 1953ರಲ್ಲಿ ಇಂಗ್ಲೆಂಡ್ ತನ್ನದೇ ವೆಂಬ್ಲಿ ಮೈದಾನದಲ್ಲಿ 3–6ರಿಂದ ಹಂಗೇರಿಗೆ ಸೋತದ್ದು ಹೀಗೆ. ಈ ತಂತ್ರವನ್ನು ರಹೀಂ ಅಭ್ಯಾಸ ಮಾಡಿ ಭಾರತ ತಂಡಕ್ಕೆ ಅಳವಡಿಸಿದರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ 4-2-4 ವ್ಯೂಹವನ್ನು ಬ್ರೆಜಿಲ್ ತಂಡವು 1958ರ ವಿಶ್ವಕಪ್‌ನಲ್ಲಿ ಜಗತ್ತಿಗೆ ಪರಿಚಯಿಸುವ ಮೊದಲೇ ರಹೀಂ ಅದರತ್ತ ಸಾಗಿದ್ದರೆಂದು ಹಲವು ಬರಹಗಾರರು ಅಭಿಪ್ರಾಯಪಟ್ಟಿದ್ದಾರೆ.

ಮೆಲ್ಬರ್ನ್ 1956

ಸಮರ್ (ಬದ್ರು) ಬ್ಯಾನರ್ಜಿ ನಾಯಕತ್ವದಲ್ಲಿ ಹೋದ ತಂಡದಲ್ಲಿ ಹೈದರಾಬಾದಿನ ಹಲವರಿದ್ದರು. ನಡುಪಡೆಯಲ್ಲಿ ನೂರ್ ಮಹಮ್ಮದರೊಡನೆ ಬೆಂಗಳೂರಿನ ಕೆಂಪಯ್ಯ ಇದ್ದರು. ಹಂಗೇರಿ ತಂಡ ಬಾರದಿದ್ದ ಕಾರಣ ಮೊದಲ ಸುತ್ತನ್ನು ಆಡದೆಯೇ ದಾಟಿದ ಭಾರತವು ಎಂಟರ ಘಟ್ಟದಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು ಎದುರಿಸಿತು. ಭಾರತ 4–2ರಿಂದ ಗೆದ್ದಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದು ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಆಟಗಾರರಾದರು. ಕೃಷ್ಣಸ್ವಾಮಿ (ಕಿಟ್ಟು) ನಾಲ್ಕನೆಯ ಗೋಲು ಸೇರಿಸಿದರು.

ಉಪಾಂತ್ಯದಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ತಂಡದ ವಿರುದ್ಧ ಈ ಬಾರಿ ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಎರಡನೆಯ ಅರ್ಧದ ಆರಂಭದಲ್ಲಿ ಡಿಸೋಜ ಭಾರತಕ್ಕೆ ಮುನ್ನಡೆಯನ್ನೇ ತಂದುಕೊಟ್ಟರು. ಕೆಲವೇ ನಿಮಿಷಗಳಲ್ಲಿ ಯುಗೊಸ್ಲಾವಿಯ ತಿರುಗಿಬಿದ್ದು 4–1ರಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3–0ರಿಂದ ಜಯಗಳಿಸಿತು. ಪದಕ ಕೈತಪ್ಪಿದರೂ 10–1 ಮತ್ತು 4–1ರ ನಡುವಿನ ಅಂತರವನ್ನು ನಾಲ್ಕು ವರ್ಷಗಳ ಪಾಠದ ಅಂಕಪಟ್ಟಿಯಂತೆ ಓದಬಹುದು. ಡಿಸೋಜ ಒಟ್ಟು ನಾಲ್ಕು ಗೋಲುಗಳೊಂದಿಗೆ ಆ ಕೂಟದ ಅತಿ ಹೆಚ್ಚು ಗೋಲು ಗಳಿಸಿದ ಮೂವರಲ್ಲಿ ಒಬ್ಬರಾದರು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪ್ರದೀಪ್ ಕುಮಾರ್ ಬ್ಯಾನರ್ಜಿ ನಾಯಕರು. ಭಾರತ ಹಂಗೇರಿಗೆ 1–2ರಿಂದ, ಪೆರುವಿಗೆ 1–3ರಿಂದ ಸೋತಿತು. ಫ್ರಾನ್ಸ್ ಜೊತೆ 1–1 ಸಮ ಮಾಡಿಕೊಂಡಿತು. ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನ. ಆದರೆ ಪ್ರತಿ ಪಂದ್ಯದಲ್ಲೂ ಗೋಲು ಗಳಿಸಿತ್ತು. ಆ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಭಾರತ ಫುಟ್‌ಬಾಲ್ ತಂಡವು ಒಲಿಂಪಿಕ್ಸ್‌ಗೆ ಹೋದದ್ದು ಅದೇ ಕೊನೆ.

ಜಕಾರ್ತಾ 1962

ನಾಲ್ಕನೆಯ ಏಷ್ಯನ್ ಕ್ರೀಡಾಕೂಟಕ್ಕೆ ತಂಡ ಸಿದ್ಧವಾಗುತ್ತಿದ್ದ ಹೊತ್ತಿಗೆ ರಹೀಂ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಕಾಡುತ್ತಿತ್ತು. ಆದರೂ ಅವರು ಶಿಬಿರವನ್ನು ಬಿಡಲಿಲ್ಲ. ಚುನಿ ಗೋಸ್ವಾಮಿ ನಾಯಕರು, ಪಿ. ಕೆ. ಬ್ಯಾನರ್ಜಿ, ಬಲರಾಂ, ಜರ್ನೈಲ್ ಸಿಂಗ್, ಪೀಟರ್ ತಂಗರಾಜ್, ಯೂಸುಫ್ ಖಾನ್, ಅರುಣ್ ಘೋಷ್, ಕೇರಳದ ಒ. ಚಂದ್ರಶೇಖರ್, ಬೆಂಗಳೂರಿನ ಅರುಮೈನಾಯಗಂ ಮುಂತಾದವರ ತಂಡ.

ಆರಂಭ ಶುಭವಾಗಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2–0ರಿಂದ ಗೆದ್ದಿತು. ಅನಂತರ ಥಾಯ್ಲೆಂಡನ್ನು 4–1ರಿಂದಲೂ, ಜಪಾನನ್ನು 2–0ರಿಂದಲೂ ಸೋಲಿಸಿ ಭಾರತ ಉಪಾಂತ್ಯ ತಲುಪಿತು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಬೆನ್ನೆಲುಬಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟುಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ಜಪಾನ್ ವಿರುದ್ಧ ಅವರು ಆಡಲಿಲ್ಲ.

ಗಾಯಗೊಂಡ ಆಟಗಾರನನ್ನು ಉಪಾಂತ್ಯದಲ್ಲಿ ಏನು ಮಾಡಬೇಕು? ರಕ್ಷಣೆಯಲ್ಲಿ ನಿಲ್ಲಿಸಿದರೆ ಎತ್ತರದ ಚೆಂಡುಗಳಿಗೆ ಪದೇ ಪದೇ ತಲೆಕೊಡಬೇಕು. ಹೊಲಿಗೆ ಬಿಚ್ಚಿಕೊಂಡರೆ ಇಡೀ ರಕ್ಷಣೆ ಕುಸಿಯುತ್ತದೆ. ಹೊರಗಿಟ್ಟರೆ ಎದುರಾಳಿಗಳಲ್ಲಿ ಅಳುಕು ಹುಟ್ಟಿಸುವ ಗಟ್ಟಿ ಮೈಯ ಆಟಗಾರನೊಬ್ಬ ಇಲ್ಲವಾಗುತ್ತಾನೆ. ರಹೀಂ ಮೂರನೆಯ ದಾರಿ ಹಿಡಿದರು: ಜರ್ನೈಲರನ್ನು ಮುಂಪಡೆಯ ನಡುವಿಗೆ ಕಳಿಸಿದರು, ರಕ್ಷಣೆಯನ್ನು ಅರುಣ್ ಘೋಷ್ ಮತ್ತು ಉಳಿದವರಿಗೆ ಒಪ್ಪಿಸಿದರು. ಇದು ದೊಡ್ಡ ಪಣವೇ ಸರಿ. ಸೋತಿದ್ದರೆ ಹಿಂಬದಿಯ ಆಟಗಾರನನ್ನು ಮುಂದೆ ಆಡಿಸಿದ ತರಬೇತುದಾರನ ಬುದ್ಧಿಯನ್ನೇ ಎಲ್ಲರೂ ಪ್ರಶ್ನಿಸುತ್ತಿದ್ದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಉಪಾಂತ್ಯದಲ್ಲಿ ಭಾರತ 3–2ರಿಂದ ಗೆದ್ದಿತು. ಗೋಸ್ವಾಮಿ ಎರಡು ಗೋಲು ಹೊಡೆದರು; ಒಂದು ಜರ್ನೈಲರದು.

ಈ ನಡುವೆ ಮೈದಾನದ ಹೊರಗಿನ ವಾತಾವರಣ ಕೆಟ್ಟಿತ್ತು. ಆತಿಥೇಯ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಪ್ರವೇಶ ನಿರಾಕರಿಸಿತ್ತು. ಏಷ್ಯನ್ ಕ್ರೀಡಾಕೂಟದ ಸ್ಥಾಪಕರಲ್ಲಿ ಒಬ್ಬರೂ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆಗಿದ್ದ ಭಾರತದ ಗುರುದತ್ತ ಸೋಂಧಿ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಇದರಿಂದ ಕೆರಳಿದ ಜನರ ಗುಂಪು ಅಂತಿಮ ಪಂದ್ಯದ ಹಿಂದಿನ ದಿನ ಜಕಾರ್ತಾದ ಭಾರತೀಯ ರಾಯಭಾರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿತು. ಆಟಗಾರರು ಬಸ್ಸಿನಲ್ಲಿ ಹೋಗುವಾಗ ಹೊರಗಿನವರಿಗೆ ಕಾಣದಂತೆ ತಗ್ಗಿ ಕೂರಬೇಕಾಗಿತ್ತೆಂದು ತಂಡದವರು ಅನಂತರ ನೆನೆದಿದ್ದಾರೆ. ಅಂತಿಮ ಪಂದ್ಯದ ಮುನ್ನಾದಿನ ರಹೀಂ ಆಟಗಾರರನ್ನು ಕೂಡಿಸಿಕೊಂಡು, ತಮಗೆ ಅವರಿಂದ ಒಂದು ಉಡುಗೊರೆ ಬೇಕೆಂದೂ ಅದು ಮರುದಿನದ ಚಿನ್ನವೆಂದೂ ಕೇಳಿಕೊಂಡರೆಂದು ಹಲವರು ಹೇಳಿದ್ದಾರೆ.

1962ರ ಸೆಪ್ಟೆಂಬರ್ 4. ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರು. ಬಹುಪಾಲು ಎಲ್ಲರೂ ಭಾರತದ ವಿರುದ್ಧ. ಪಾಕಿಸ್ತಾನದ ಹಾಕಿ ತಂಡದವರು ಮಾತ್ರ ಭಾರತವನ್ನು ಹುರಿದುಂಬಿಸಿದರೆಂಬುದು ಆಟಗಾರರು ಮತ್ತೆ ಮತ್ತೆ ಹೇಳಿಕೊಂಡು ಬಂದ ಸಂಗತಿ. ಎದುರಾಳಿ ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಅದೇ ದಕ್ಷಿಣ ಕೊರಿಯ. ಗೋಲಿನಲ್ಲಿ, ಹಿಂದಿನ ಪಂದ್ಯಗಳಲ್ಲಿ ಆಡಿದ್ದ ಪ್ರದ್ಯೋತ್ ಬರ್ಮನ್ ಬದಲು ಎತ್ತರದ ತಂಗರಾಜ್ ನಿಂತರು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, ಇಪ್ಪತ್ತನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಗೋಲು ಹೊಡೆದರು. ಕೊನೆಗೆ ಐದು ನಿಮಿಷ ಉಳಿದಿರುವಾಗ ಕೊರಿಯ ಒಂದು ಗೋಲು ಮರಳಿಸಿತು. ಭಾರತ 2–1ರಿಂದ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಇದಾದ ಮೇಲೆ ಚಿನ್ನ ಗೆದ್ದಿಲ್ಲ.

ನಿಧನ ಮತ್ತು ನಂತರ

ಜಕಾರ್ತಾದಿಂದ ಮರಳಿದ ರಹೀಂ ಅವರ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. ಕೆಲವು ತಿಂಗಳು ಹಾಸಿಗೆ ಹಿಡಿದು, 1963ರ ಜೂನ್ 11ರಂದು ಹೈದರಾಬಾದಿನಲ್ಲಿ ನಿಧನರಾದರು. ಆಗ ಅವರಿಗೆ 53 ವರ್ಷ.

ಅವರ ಗರಡಿಯಲ್ಲಿ ಪಳಗಿದವರು ಅನಂತರದ ಎರಡು ದಶಕ ಭಾರತೀಯ ಫುಟ್‌ಬಾಲನ್ನು ನಡೆಸಿದರು. ಪಿ. ಕೆ. ಬ್ಯಾನರ್ಜಿ ಸ್ವತಃ ಹೆಸರಾಂತ ತರಬೇತುದಾರರಾದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದಿನ ಅದೇ ಪರಂಪರೆಯವರು. ಆದರೆ ಹೈದರಾಬಾದಿನ ಫುಟ್‌ಬಾಲ್ ಮಾತ್ರ ರಹೀಂ ನಂತರ ಮೆಲ್ಲಗೆ ಸೊರಗಿತು. ಒಬ್ಬನೇ ವ್ಯಕ್ತಿ ಸಂಸ್ಥೆಯ ಕಾರ್ಯದರ್ಶಿಯೂ, ಪೊಲೀಸ್ ತಂಡದ ಗುರುವೂ, ಬೀದಿಬೀದಿಯಲ್ಲಿ ಹುಡುಗರನ್ನು ಹುಡುಕುವವನೂ ಆಗಿದ್ದ ವ್ಯವಸ್ಥೆಗೆ ಅವನ ನಂತರ ಉತ್ತರಾಧಿಕಾರಿ ಸಿಗುವುದು ಸುಲಭವಲ್ಲ. ಬೆಂಗಳೂರಿನ ಕಥೆ ಸ್ವಲ್ಪ ಬೇರೆ. ಮೈಸೂರು ತಂಡವು 1967 ಮತ್ತು 1968ರಲ್ಲೂ ಸಂತೋಷ್ ಟ್ರೋಫಿ ಗೆದ್ದಿತು.

ಕ್ರೀಡಾ ತರಬೇತುದಾರರಿಗಾಗಿ ಕೇಂದ್ರ ಸರ್ಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನು ಆರಂಭಿಸಿದ್ದು 1985ರಲ್ಲಿ. ಅಷ್ಟರಲ್ಲಿ ರಹೀಂ ತೀರಿಕೊಂಡು 22 ವರ್ಷಗಳಾಗಿದ್ದವು. ಕ್ರಿಕೆಟ್ ಬಿಟ್ಟು ಬೇರೆ ಆಟದ ಇತಿಹಾಸವನ್ನು ಶಾಲಾ ಪಠ್ಯಗಳು ಅಷ್ಟಾಗಿ ಹೇಳದ ನಮ್ಮಲ್ಲಿ ಅವರ ಹೆಸರು ದೀರ್ಘಕಾಲ ಫುಟ್‌ಬಾಲ್ ಬಲ್ಲವರ ನಡುವೆ ಮಾತ್ರ ಉಳಿದಿತ್ತು. ಅವರ ಜೀವನವನ್ನು ಆಧರಿಸಿದ ಹಿಂದಿ ಚಲನಚಿತ್ರ ಮೈದಾನ್ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಅಮಿತ್ ಶರ್ಮಾ ನಿರ್ದೇಶನದ ಈ ಚಿತ್ರದಲ್ಲಿ ಅಜಯ್ ದೇವಗನ್ ರಹೀಂ ಪಾತ್ರ ವಹಿಸಿದ್ದಾರೆ. ಚಲನಚಿತ್ರವು ಕಥೆಗಾಗಿ ಕೆಲವು ಸನ್ನಿವೇಶಗಳನ್ನು ಹೆಣೆದುಕೊಂಡಿರುವುದರಿಂದ ವಿದ್ಯಾರ್ಥಿಗಳು ಅದನ್ನು ಚರಿತ್ರೆಯ ಆಕರವಾಗಿ ಬಳಸಬಾರದು.

ಮಗ ಶಾಹಿದ್ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಅಂತಾರಾಷ್ಟ್ರೀಯ ರೆಫರಿಯಾಗಿಯೂ ತರಬೇತುದಾರರಾಗಿಯೂ ದುಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆಯಿತು. ಹಕೀಂ 2021ರ ಆಗಸ್ಟ್ 22ರಂದು ಕಲಬುರಗಿಯಲ್ಲಿ ನಿಧನರಾದರು.